ಭಾನುವಾರದ ಗೋಡೆ

ಉಸಗಾಂವದಲ್ಲಿ ಪರವಾನಗಿಯಿಲ್ಲದ ಗೋಡೆಗಳು ಏಳುವುದು ಭಾನುವಾರ. ಅಂದು ಪಂಚಾಯತಿಗೆ ಬೀಗ, ನೋಡಲು ಬರುವವರಿಲ್ಲ. ಎಸ್ಪೆರಾನ್ಸಾ ಬಾಯಿಯ ಹಿತ್ತಲಿನ ಒಂದೇ ಕೋಣೆಯ ಖೋಲಿಯನ್ನು ಗೌಂಡಿ ಕರೆಪ್ಪ ಬೇಸಿಗೆಯ ಭಾನುವಾರಗಳಲ್ಲೇ ಕಟ್ಟಿ ಮುಗಿಸಿದ್ದ. ಕಟ್ಟಿದ್ದು ಮಳೆನೀರಿನ ಕಾಲುವೆಯ ಮೇಲೆ. ಬಾಯಿ ಅದನ್ನು ಅವನಿಗೇ ಬಾಡಿಗೆಗೆ ಕೊಟ್ಟಿದ್ದಳು.

ಪಕ್ಕದ ಮನೆಯ ಜಮುನಾಬಾಯಿ ಆಗಲೇ ಕೇಳಿದ್ದಳು: "ನೀರು ಎತ್ತಾಗ ಹೋಗತೈತೋ ತಮ್ಮಾ?"

"ಕೆಳಗ ಪೈಪ್ ಹಾಕೇನಿ ಯಕ್ಕಾ" ಎಂದಿದ್ದ. ಹಾಕಿದ್ದು ಕಲ್ಲು, ಮಣ್ಣು.

ಈಗ ಮಳೆ ಹಿಡಿದು ಜಮುನಾಬಾಯಿಯ ಅಡಿಗೆಮನೆಯಲ್ಲಿ ಮೊಳಕಾಲುದ್ದ ನೀರು.

ಚರ್ಚಿನಿಂದ ಬಂದ ಬಾಯಿ ಛತ್ರಿ ಮಡಚದೆ ನೇರ ಕರೆಪ್ಪನ ಬಾಗಿಲಿಗೆ ಬಂದಳು. ಮನೆಮಾತು ಕೊಂಕಣಿಯಾದರೂ ಬಾಡಿಗೆದಾರರ ಜೊತೆ ಬೆರೆತು ಅವಳ ಕನ್ನಡ ಅವರದೇ ಆಗಿತ್ತು.

"ಪಾದ್ರಿ ಮುಂದ ತಪ್ಪು ಒಪ್ಪಿಕೊಂಡೆ ಕರೆಪ್ಪ. ಲೈಸನ್ಸ್ ಇಲ್ಲದ ಕಟ್ಟೇನಿ, ಆದ್ರ ಅದು ಸರಕಾರದ ಕಾನೂನು, ದೇವರದಲ್ಲ, ಪಾಪ ಹೆಂಗ ಅಕ್ಕೈತಿ ಅಂದೆ."

"ಅವರೇನಂದ್ರು ಬಾಯಿ?"

"ಕಾನೂನು ಅನ್ಯಾಯ ಮಾಡು ಅಂದ್ರ ಮೀರಬೇಕು. ಇದು ಮಂದಿ ಮನಿ ಕಾಯೂ ಕಾನೂನು, ಇದನ್ನ ಮುರದ್ರ ದೇವರಿಗೇ ತಪ್ಪಿದಂಗ ಅಂದ್ರು. ಬರೇ ಪ್ರಾರ್ಥನಾದಾಗ ಮುಗಿಯೂದಲ್ಲ, ಮೊದಲ ನೀರಿಗೆ ದಾರಿ ಬಿಡು ಅಂದ್ರು."

ಒಲೆಯ ಮುಂದಿದ್ದ ಕರೆಪ್ಪನ ಹೆಂಡತಿ ಮುರುಗೆವ್ವ ತಿರುಗದೆಯೇ ಅಂದಳು: "ಪಾಪ ನಿಮ್ದು, ಖೋಲಿ ಹೋಗೂದು ನಮ್ದು. ಚಲೋ ಆತ್ರಿ ಬಾಯಿ."

"ಬ್ಯಾರೆ ಖೋಲಿ ಖಾಲಿ ಇಲ್ಲವ್ವ" ಎಂದು ಬಾಯಿ ತಲೆ ತಗ್ಗಿಸಿದಳು.

ಬಾಯಿ ಒಪ್ಪಿಕೊಂಡದ್ದರಲ್ಲಿ ಪೈಪಿನ ಮಾತಿರಲಿಲ್ಲ. ಆ ಸುಳ್ಳು ಕರೆಪ್ಪನೊಬ್ಬನದು. ಹೇಳಿಕೊಳ್ಳಲು ಅವನಿಗೆ ಪಾದ್ರಿಯೂ ಇರಲಿಲ್ಲ.

ಹಾರೆ ಹಿಡಿದು ಎದ್ದವನು ಮೊದಲು ಜಮುನಾಬಾಯಿಯ ಮನೆಗೆ ಹೋದ. ಅವಳು ಬೋಗುಣಿಯಿಂದ ನೀರು ಗೋರಿ ಹೊರಗೆ ಚೆಲ್ಲುತ್ತಿದ್ದಳು.

"ಯಕ್ಕಾ, ಪೈಪ್ ಹಾಕಿಲ್ಲ. ಸುಳ್ಳ ಹೇಳಿದ್ನಿ. ಈಗ ಗ್ವಾಡಿ ಒಡದು ನೀರ ಬಿಡತೇನಿ."

"ಗೊತ್ತೈತಿ. ಪೈಪ್ ತಂದಿದ್ರ ನನ್ನ ಅಂಗಳಾ ದಾಟೇ ತರಬೇಕಿತ್ತಲ್ಲ." ಅವಳ ಕೈ ನಿಲ್ಲಲಿಲ್ಲ. "ಒಡದ ಮ್ಯಾಲ ಮುರುಗೆವ್ವನ್ನ ಎಲ್ಲಿ ಇಡತಿ?"

ಕರೆಪ್ಪ ಹಾರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ನೀರ ಇಳೀಲಿ. ಇಲ್ಲೇ ಕರಕೊಂಡ ಬಾ."

ಬೈದಿದ್ದರೆ ನಿಂತು ಕೇಳುತ್ತಿದ್ದ. ಈ ಮಾತಿಗೆ ಅವಳ ಮುಖ ನೋಡಲಾಗದೆ ಹಿಂದಿರುಗಿ ಗೋಡೆಯ ಬುಡಕ್ಕೆ ಹಾರೆ ಹಾಕಿದ. ಮುರುಗೆವ್ವ ಪಾತ್ರೆಗಳನ್ನು ಹೊರಗೆ ತಂದಿಡತೊಡಗಿದಳು, ಒಂದೊಂದನ್ನೂ ಸದ್ದಾಗುವಂತೆ.