ಗೆರೆಯ ಮೇಲಿನ ತೂತು

ಗಣಿತದ ಮೇಡಂ ಮಗಳಿಗೆ ತಾನೇ ಕಲಿಸಿದ್ದಳು: ಅಂಶ, ಛೇದ ಎರಡರಲ್ಲೂ ಇರುವ ‘ಎಕ್ಸ್ ಮೈನಸ್ ಮೂರ’ನ್ನು ಹೊಡೆದುಹಾಕಿದರೂ, ಎಕ್ಸ್ ಮೂರಾದಾಗ ಮೂಲ ಛೇದ ಸೊನ್ನೆಯೇ, ಅಲ್ಲಿ ನಕ್ಷೆಯ ಗೆರೆಯಲ್ಲೊಂದು ತೂತು ಬಿಡಬೇಕು. ಪರೀಕ್ಷೆಯಲ್ಲಿ ಮಗಳು ಹಾಗೆಯೇ ಬಿಟ್ಟಳು. ಹೆಡ್‌ಮಾಸ್ಟರು ಅಂಕ ಕಳೆದರು. ತಾಯಿ ಮಗಳು ಉತ್ತರಪತ್ರಿಕೆ ಹಿಡಿದು ಅವರ ಕೋಣೆಗೆ ಹೋದರು.

“ಹೊಡೆದುಹಾಕಿದ್ಮೇಲೆ ತೂತು ಎಲ್ಲಿಂದ ಬರುತ್ತೆ? ನೀವೇ ಹೇಳಿ ಮೇಡಂ.”

ಮೇಡಂ ಕೆಲಸ ಕಾಯಂ ಮಾಡುವ ಕಾಗದ ಅವರ ಸಹಿಗೆ ಕಾಯುತ್ತಾ ಮೇಜಿನ ಮೇಲಿತ್ತು.

“ಸರ್ ಹೇಳಿದ್ದೇ ಸರಿ,” ಎಂದಳು ಮೇಡಂ.

ಮಗಳು ಪೆನ್ಸಿಲ್ ತೆಗೆದು ತೂತು ಮುಚ್ಚಿದಳು.

ಕೆಲಸ ಕಾಯಂ ಆಯಿತು. ಮಗಳು ಲೆಕ್ಕ ಹೇಳಿಸಿಕೊಳ್ಳಲು ಪಕ್ಕದ ಮನೆಗೆ ಹೋಗತೊಡಗಿದಳು.

“ಅಮ್ಮನ್ನೇ ಕೇಳಬಾರ್ದೇನೇ?”

“ಅಮ್ಮಂಗೆ ಲೆಕ್ಕ ಬರಲ್ಲ ಆಂಟಿ.”

ಗೋಡೆಯ ಈಚೆ ಮೇಡಂಗೆ ಅದು ಸ್ಪಷ್ಟವಾಗಿ ಕೇಳಿಸಿತು.