ಹೊರೋ ಕಲ್ಲು, ಮಲಗೋ ಕಲ್ಲು

ದೇವನಹಳ್ಳಿಯಿಂದ ಹೊಸಕೋಟೆಗೆ ಹೋಗುವ ರಸ್ತೆಯಲ್ಲಿ ಮುನಿಗಂಗಮ್ಮನ ಅಂಗಳ ಎಲ್ಲಿ ಅಂತ ಯಾರೂ ಕೇಳಬೇಕಾಗಿರಲಿಲ್ಲ. ಬೇಲಿಯ ಬದಲು ಹಳೇ ಬಾಗಿಲುಗಳನ್ನೇ ಸಾಲಾಗಿ ನಿಲ್ಲಿಸಿದ್ದಳು. ಏರ್‌ಪೋರ್ಟ್ ಕೆಲಸ ಶುರುವಾದ ಮೇಲೆ ರಸ್ತೆ ಅಗಲವಾಯಿತು, ಮನೆಗಳು ಉರುಳಿದವು, ದ್ರಾಕ್ಷಿ ತೋಟಗಳು ಸೈಟುಗಳಾದವು. ಎಲ್ಲಿ ಏನು ಬಿದ್ದರೂ ಅಲ್ಲಿ ಅವಳ ಟ್ರ್ಯಾಕ್ಟರ್ ಹೋಗಿ ನಿಲ್ಲುತ್ತಿತ್ತು. ತೊಲೆ, ಕಿಟಕಿ, ಚಾವಣಿಯ ಕಲ್ಲುಚಪ್ಪಡಿ, ದ್ರಾಕ್ಷಿ ಚಪ್ಪರದ ಕಲ್ಲುಕಂಬ, ಯಾವುದನ್ನೂ ಅವಳು ಕೆರೆಗೆ ಸುರಿಯಲು ಬಿಡುತ್ತಿರಲಿಲ್ಲ. ಗಂಡನ ಕಾಲದಲ್ಲಿ ಜನ ಅದನ್ನು ಗುಜರಿ ಅನ್ನುತ್ತಿದ್ದರು. ಅವಳ ಕೈಗೆ ಬಂದ ಮೇಲೆ ಗುಜರಿ ಅಂದವರಿಗೆ ಕುಡಿಯಲು ನೀರೂ ಸಿಗುತ್ತಿರಲಿಲ್ಲ.

ಅಲ್ಲಿಯವರೆಗೆ ಬರುತ್ತಿದ್ದ ಗಿರಾಕಿಗಳು ಒಂದು ಬಾಗಿಲಿಗೋ ಎರಡು ಕಿಟಕಿಗೋ ಬರುವವರು. ಇಡೀ ಕಟ್ಟಡವೊಂದನ್ನು ತನ್ನ ಸಾಮಾನಿನಲ್ಲೇ ಎಬ್ಬಿಸಬೇಕು ಅನ್ನುವುದು ಅವಳ ಬಹಳ ದಿನದ ಆಸೆ. ಜಡಿಗೇನಹಳ್ಳಿ ಪಕ್ಕದ ಊರೊಂದರ ಹಾಲಿನ ಡೈರಿ ರಸ್ತೆ ಅಗಲ ಮಾಡುವಾಗ ಉರುಳಿದಾಗ ಆ ಆಸೆಗೆ ಕಾಲು ಬಂತು. ಹೊಸ ಡೈರಿಯ ನಕ್ಷೆ ಬರೆದ ಇಂಜಿನಿಯರ್ ಪ್ರಮೋದಾ, "ನಿಮ್ಮೂರ ಮನೆಗಳ ಕಲ್ಲೇ ಸಾಕಲ್ಲ, ಹಾಲೂ ತಣ್ಣಗಿರುತ್ತೆ" ಅಂದಿದ್ದಳು. ಡೈರಿಯ ಅಧ್ಯಕ್ಷ ವೆಂಕಟರಾಯಪ್ಪನಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ.

"ಹಳೇ ಸೀರೆ ಉಟ್ಕೊಂಡು ಮದುವೆಗೆ ಹೋದಂಗಾಗಲ್ವೇನಮ್ಮ?"

"ಅಜ್ಜಿ ರೇಷ್ಮೆ ಸೀರೆ ಉಟ್ಕೊಂಡ್ ಹೋಗಿ ನೋಡಣ್ಣ. ಎಲ್ರೂ ಸೆರಗು ಮುಟ್ಟಿ ನೋಡ್ತಾರೆ" ಅಂದಳು ಮುನಿಗಂಗಮ್ಮ.

ಅವನು ನಕ್ಕ, ಆದರೆ ಪೂರಾ ಒಪ್ಪಲಿಲ್ಲ. ಒಂದು ಕೋಣೆಯ ಗೋಡೆ ಹೇಗೂ ಎದ್ದಿದೆ, ಚಾವಣಿಗೆ ಮೊದಲ ಲೋಡು ಕಳಿಸು, ಚೆನ್ನಾಗಿದ್ದರೆ ಮಿಕ್ಕ ಕಟ್ಟಡವೆಲ್ಲ ನಿನ್ನದು, ಇಲ್ಲದಿದ್ದರೆ ಸಿಮೆಂಟ್ ತರಿಸುತ್ತೇನೆ ಅಂದ.

ಮುನಿಗಂಗಮ್ಮ ಆಗ ಒಂದು ಕೆಲಸ ಮಾಡಿದಳು. ಅಧ್ಯಕ್ಷನ ಕಣ್ಣಿಗೆ ಕಲ್ಲು ಹೊಸದಾಗಿ ಕಾಣಲಿ ಅಂತ ಚಪ್ಪಡಿಗಳನ್ನೆಲ್ಲ ಮರಳು, ತೆಂಗಿನ ನಾರು ಹಾಕಿ ತಿಕ್ಕಿಸಿದಳು. ಮಸಿ, ಸುಣ್ಣ, ಜಿಡ್ಡು ಎಲ್ಲ ಹೋಗಿ ಕಲ್ಲು ಬೆಳ್ಳಗಾದವು. ಮನೆ ಕೆಡವುವ ಗುಂಪಿನ ಯಜಮಾನ ಮುನಿಸ್ವಾಮಿ ನಾರು ಹಿಡಿದುಕೊಂಡು ಗೊಣಗಿದ: "ಏನಕ್ಕಾ, ಕಲ್ಲಿಗೆ ಎಣ್ಣೆಸ್ನಾನ ಮಾಡ್ಸಿ ಗಂಡಿನ ಮನೆಗೆ ಕಳಿಸ್ತಿದ್ದೀಯಾ?"

"ಕಳಿಸ್ತಿರೋದು ಅಲ್ಲಿಗೇ ಕಣೋ. ಉಜ್ಜು."

ಲೋಡಿನ ಜೊತೆ ಇಬ್ಬರೂ ಹೋದರು. ಡೈರಿಯಲ್ಲಿ ಕಾದಿದ್ದವನು ಅದನ್ನು ಕಟ್ಟುತ್ತಿದ್ದ ಮೇಸ್ತ್ರಿ ಆದಿನಾರಾಯಣಪ್ಪ. ಮೊದಲ ಎರಡು ಚಪ್ಪಡಿ ಗೋಡೆಯ ಮೇಲೆ ಹೂವಿನ ಹಾಗೆ ಕೂತವು. ಮೂರನೆಯದನ್ನು ಹಗ್ಗ ಹಾಕಿ ಎತ್ತುತ್ತಿದ್ದಾಗ ನಡುವೆ ಟಕ್ ಅಂತ ಸದ್ದಾಯಿತು. ಎರಡು ತುಂಡಾಗಿ ಬಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಮುರಿದ ಕಡೆಯಲ್ಲಿ ಕೈಯಾಡಿಸಿದರೆ ಕಲ್ಲು ಉಪ್ಪಿನ ಹರಳಿನ ಹಾಗೆ ಉದುರುತ್ತಿತ್ತು.

ವೆಂಕಟರಾಯಪ್ಪ ಸಿಮೆಂಟ್ ತರಿಸಲು ಜೇಬಿನಿಂದ ಮೊಬೈಲು ತೆಗೆದ. ಅದು ಬೈಗುಳಕ್ಕಿಂತ ಜಾಸ್ತಿಯಾಗಿತ್ತು.

"ಲೇ ಮುನಿಸ್ವಾಮಿ, ಇದು ಒಲೆ ಮೇಲಿದ್ದ ಕಲ್ಲು ಕಣೋ! ಬೆಂಕಿ ತಿಂದು ಸತ್ತೈತೆ. ಚಾವಣಿ ಕಲ್ಲು ಕಳ್ಸು ಅಂದಿದ್ದೆ ತಾನೆ ನಾನು?" ಮೇಸ್ತ್ರಿ ಕೂಗಾಡಿದ.

"ನಾನು ಕೆಡವಿದ್ದು ದೊಡ್ಡಮನೆ. ಕೊಟ್ಟಿದ್ದು ದೊಡ್ಡಮನೆ ಕಲ್ಲು. ಅದ್ರಲ್ಲೇನ್ ತಪ್ಪೈತೆ?"

"ನಾನು ಕೇಳಿದ್ದು ಆರಡಿ ಚಪ್ಪಡಿ. ಅಳತೆ ಸರಿಯಾಗೇ ಇದೆ" ಅಂದಳು ಪ್ರಮೋದಾ, ಮೆಲ್ಲಗೆ.

ಮುನಿಗಂಗಮ್ಮನೂ ಏನೋ ಹೇಳಹೊರಟಳು. ಅವಳ ಅಂಗಳದಲ್ಲಿ ಅದು ಬೇವಿನ ಮರದ ಕೆಳಗಿನ ಕಲ್ಲು. ಅಷ್ಟರಲ್ಲಿ ಅವಳಿಗೇ ಹೊಳೆಯಿತು. ಕೆಡವುವವನು ಕಲ್ಲಿಗೆ ಅದು ಹುಟ್ಟಿದ ಮನೆಯ ಹೆಸರಿಡುತ್ತಾನೆ, ಕಟ್ಟುವವನು ಹೋಗುವ ಜಾಗದ ಹೆಸರು, ಇಂಜಿನಿಯರು ಉದ್ದಗಲದ್ದು, ತಾನು ರಾಶಿಯದ್ದು. ನಾಲ್ಕೂ ಸರಿ, ಕಲ್ಲು ಮಾತ್ರ ಎರಡು ತುಂಡು. ಆ ಕಲ್ಲಿನಿಂದ ಯಾವ ಕೆಲಸವಾಗುತ್ತದೆ ಅನ್ನುವುದನ್ನು ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದದ್ದು ಮಸಿ ಒಂದೇ. ಅದನ್ನು ತೊಳೆಸಿದವಳು ತಾನೇ.

"ಅಣ್ಣ, ಮಸಿ ತೊಳೆಸಿದ್ದು ನಾನು. ಇವರನ್ನ ಬೈಬೇಡಿ. ನಾಳೆ ಬೆಳಗ್ಗೆವರೆಗೂ ಫೋನು ಜೇಬಲ್ಲಿಟ್ಕೊಳ್ಳಿ" ಅಂದಳು.

ವೆಂಕಟರಾಯಪ್ಪ ಅವಳ ಮುಖ ನೋಡಿದ. "ಹಾಲು ಹಾಕೋ ಹೊತ್ತಿನವರೆಗೆ. ಆಮೇಲೆ ಸಿಮೆಂಟ್ ಗಾಡಿ ಬರ್ತದೆ."

ಅವತ್ತು ಮಧ್ಯಾಹ್ನ ಬೇವಿನ ಮರದ ಕೆಳಗೆ ಮುನಿಸ್ವಾಮಿ, ಮೇಸ್ತ್ರಿ, ಪ್ರಮೋದಾ ಮೂವರನ್ನೂ ಕೂರಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಹೊಟ್ಟೆ ತುಂಬಿದ ಮೇಲೆ ಹೇಳಿದಳು: "ಇವತ್ತಿಂದ ನಾವೆಲ್ಲ ಒಂದೇ ಮಾತಾಡಾಣ. ಕಲ್ಲು ಎಲ್ಲಿಂದ ಬಂತು ಅಂತ ಬೇಡ. ಏನ್ ಮಾಡ್ತದೆ, ಅದೇ ಅದರ ಹೆಸರು. ಚಾವಣಿಗೆ ಹೋಗೋದಕ್ಕೆ ಏನನ್ನಾಣ?"

"ಲೋಡ್ ಬೇರಿಂಗ್" ಅಂದಳು ಪ್ರಮೋದಾ.

"ಅದನ್ನ ಹೇಳಿ ಮುಗಿಸೋಷ್ಟರಲ್ಲಿ ಕಲ್ಲು ಕಾಲ್ಮೇಲೆ ಬಿದ್ದಿರ್ತದೆ ಮೇಡಂ. ಟ್ರ್ಯಾಕ್ಟರ್ ಸದ್ದಲ್ಲಿ ಕೂಗೋಕಾಗ್ಬೇಕು" ಅಂದ ಮುನಿಸ್ವಾಮಿ.

"ನಮ್ಮನೇಲಿ ತೆಲುಗಲ್ಲಿ ಮೋಸೇದಿ ಅಂತೀವಿ, ಹೊರೋದು ಅಂತ" ಅಂದ ಆದಿನಾರಾಯಣಪ್ಪ.

"ಥೂ, ಮೋಸ ಅಂತ ಕೂಗಿದ್ರೆ ಇರೋ ಗಿರಾಕೀನೂ ಓಡೋಗ್ತಾನೆ!" ಅಂದಳು ಮುನಿಗಂಗಮ್ಮ.

ಮೇಸ್ತ್ರಿಯೂ ನಗಬೇಕಾಯಿತು. ಹೊರೋದು ಅಂತಲೇ ನಿಂತಿತು. ಕಂಬಕ್ಕೂ ಗೋಡೆಗೂ ಆಗುವುದು ನಿಲ್ಲೋದು. ನೆಲಕ್ಕೆ ಹಾಸುವುದು ಮಲಗೋದು. ಚೂರುಪಾರು ಎಲ್ಲ ತುಂಬೋದು, ಪಾಯಕ್ಕೆ. ಬೆಂಕಿ ತಿಂದ ಕಲ್ಲಿಗೆ ಮುನಿಸ್ವಾಮಿಯೇ ಹೆಸರಿಟ್ಟ: ಬೆಂದದ್ದು.

"ಅದು ರಿಜೆಕ್ಟ್ ಅಲ್ವಾ?" ಪ್ರಮೋದಾ ಕೇಳಿದಳು.

"ಆ ಮಾತು ನನ್ನ ಅಂಗಳದಲ್ಲಿ ಬೇಡಮ್ಮ. ಬೆಂದದ್ದು ಹೊರಲ್ಲ, ಅಷ್ಟೇ. ನೆಲದ ಮೇಲೆ ಮಲಗಲ್ವಾ?"

ಪ್ರಮೋದಾ ಒಪ್ಪಿದಳು. "ಆಯ್ತಕ್ಕ. ನಂದೂ ಒಂದು ಮಾತಿದೆ. ಹೊರೋದು ಅಂತ ಬಾಯಲ್ಲಿ ಅಂದ್ರೆ ಸಾಲ್ದು. ಹೊತ್ತು ತೋರಿಸಿದ ಮೇಲೇ ಆ ಹೆಸರು."

ಮುನಿಗಂಗಮ್ಮನಿಗೆ ಆ ಮಾತು ತನಗೆ ಹೊಳೆಯಲಿಲ್ಲವಲ್ಲ ಅಂತ ಹೊಟ್ಟೆಕಿಚ್ಚೇ ಆಯಿತು. ಹುಡುಗಿಯ ಎಲೆಗೆ ಇನ್ನೊಂದು ಮುದ್ದೆ ಹಾಕಿದಳು.

ಮರುದಿನ ಬೆಳಗ್ಗೆ ಹೆಂಗಸರು ಹಾಲಿನ ಕ್ಯಾನು ಹಿಡಿದು ಬರುವಷ್ಟರಲ್ಲಿ ಡೈರಿ ಮುಂದೆ ಎರಡು ಕಲ್ಲುಗುಪ್ಪೆಯ ಮೇಲೆ, ಮೊಣಕಾಲೆತ್ತರಕ್ಕೆ, ಒಂದು ಚಪ್ಪಡಿ ಅಡ್ಡ ಮಲಗಿತ್ತು. ತೊಳೆದಿರಲಿಲ್ಲ. ಸುಣ್ಣದ ಕಲೆ ಇದ್ದ ಹಾಗೇ ಇತ್ತು. ಡೈರಿಯ ಬೂಸಾ ಮೂಟೆಗಳನ್ನು ಒಂದೊಂದಾಗಿ ಹೇರಿದರು. ಪ್ರಮೋದಾ ಬಗ್ಗಿ ಬಗ್ಗಿ ಕಲ್ಲಿನ ಹೊಟ್ಟೆ ನೋಡುತ್ತಿದ್ದಳು.

"ಇನ್ನೊಂದು ಹಾಕ್ರಿ" ಅಂದ ವೆಂಕಟರಾಯಪ್ಪ. ಹಾಕಿದರು. "ಇನ್ನೊಂದು." ಅದನ್ನೂ ಹಾಕಿದರು. ಮುನಿಗಂಗಮ್ಮ ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

ಬೂಸಾ ಮುಗಿಯಿತು. ಅಧ್ಯಕ್ಷ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ತಾನೇ ಮೂಟೆಗಳ ಮೇಲೆ ಹತ್ತಿ ಕೂತ. ಆಳು ಸಣ್ಣವನಲ್ಲ.

"ಕೆಳಗಿಳಿಯಣ್ಣೋ, ಕಲ್ಲಿಗೆ ನಾಚಿಕೆ ಆಗ್ತದೆ!" ಅಂದಳು ಕ್ಯಾನು ಹಿಡಿದ ಮಾರಕ್ಕ.

ಕಲ್ಲು ಮಿಸುಕಲಿಲ್ಲ. ವೆಂಕಟರಾಯಪ್ಪ ಮೇಲಿಂದಲೇ ಕೇಳಿದ, "ಇದಕ್ಕೇನಂತೀರಾ ನೀವು?"

"ಹೊರೋದು!" ಅಂದರು ಮೇಸ್ತ್ರಿಯೂ ಮುನಿಸ್ವಾಮಿಯೂ ಒಟ್ಟಿಗೆ.

"ನಿನ್ನೆ ಮುರಿದದ್ದಕ್ಕೆ?"

"ಬೆಂದದ್ದು."

ಅವನು ಅಲ್ಲೇ ಕೂತು ಫೋನು ತೆಗೆದು ಸಿಮೆಂಟ್ ಗಾಡಿ ಬೇಡ ಅಂದ. ಆಮೇಲೆ ಮುನಿಗಂಗಮ್ಮನ ಕಡೆ ತಿರುಗಿದ. "ಇನ್ಮೇಲೆ ತೊಳೀಬೇಡ ತಾಯಿ. ಹೆಂಗಿದ್ಯೋ ಹಂಗೇ ಕಳ್ಸು."

ಹಾಗೆಯೇ ಕಳಿಸಿದಳು. ಹೇರುವಾಗ ಮೂಟೆ ಹೊತ್ತು ಗೆದ್ದ ಕಲ್ಲಿಗೆಲ್ಲ ಮುನಿಸ್ವಾಮಿಯ ಗುಂಪು "ಹೊರೋದು!" ಅಂತ ಕೂಗುತ್ತಿತ್ತು. ಇಳಿಸುವಾಗ ಮೇಸ್ತ್ರಿಯ ಗುಂಪು ಅದೇ ಮಾತು ಕೂಗುತ್ತಿತ್ತು. ದ್ರಾಕ್ಷಿ ಚಪ್ಪರದ ಕಂಬಗಳು ಡೈರಿಯ ಜಗಲಿಗೆ ನಿಂತವು. ಮುರಿದ ಚಪ್ಪಡಿಯ ಎರಡು ತುಂಡೂ ಬಾಗಿಲ ಎರಡು ಬದಿಗೆ ನೆಲದಲ್ಲಿ ಮಲಗಿದವು. ಸರದಿ ಬರುವವರೆಗೆ ಹೆಂಗಸರು ಕ್ಯಾನು ಇಡುವುದು ಅವುಗಳ ಮೇಲೇ. ಬಂದ ನೆಂಟರಿಗೆಲ್ಲ ವೆಂಕಟರಾಯಪ್ಪ ಚಾವಣಿ ತೋರಿಸಿ, ಅದು ದೊಡ್ಡಮನೆಯದು, ಇದು ನಮ್ಮ ಮಾವನ ಮನೆಯದು ಅನ್ನುತ್ತ, ಹೊಸ ಸಿಮೆಂಟಿನಲ್ಲಿ ಇಂಥದ್ದು ಸಿಗುತ್ತದೆಯೇ ಅಂತ ಕೇಳುವುದು ರೂಢಿಯಾಯಿತು. ಮುನಿಗಂಗಮ್ಮ ಆ ದಾರಿಯಲ್ಲಿ ಹೋಗುವಾಗ ಕೆಲಸವಿಲ್ಲದಿದ್ದರೂ ಒಂದು ಗಳಿಗೆ ನಿಂತು ಮೇಲೆ ನೋಡಿಯೇ ಮುಂದೆ ಹೋಗುತ್ತಿದ್ದಳು.

ಮೊದಲ ವಿಮಾನಗಳು ತಲೆ ಮೇಲೆ ಹಾರಲು ಶುರುವಾಗಿದ್ದ ದಿನಗಳಲ್ಲಿ ಒಂದು ಬೆಳಗ್ಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ತೂಬಗೆರೆ ಕಡೆಯ ಯಾರೋ ಮೇಸ್ತ್ರಿ. ಅವಳು ಅವನ ಹೆಸರೂ ಕೇಳಿರಲಿಲ್ಲ.

"ಅಕ್ಕಾ, ಅಂಗನವಾಡಿ ಕಟ್ತಿದ್ದೀವಿ. ಒಂದು ಲೋಡು ಹೊರೋವು ಬೇಕು, ಅರ್ಧ ಲೋಡು ಮಲಗೋವು. ಬೆಂದವು ಬೇರೆ ಇಟ್ಟಿದ್ದೀರ ತಾನೆ? ಹುಡುಗರು ಕೂರೋ ಜಾಗ, ಚಾವಣಿಗೆ ಬೆರಸ್ಬಿಟ್ಟೀರ."

ಮುನಿಗಂಗಮ್ಮ ನಕ್ಕಳು.

"ಅದನ್ನ ನಂಗೇ ಹೇಳ್ಕೊಡ್ತೀಯೇನಪ್ಪಾ?" ಅಂದಳು. ಫೋನನ್ನು ಕಿವಿಗೆ ಹಿಡಿದೇ ಅಂಗಳದ ಕಡೆ ತಿರುಗಿ ಕೂಗಿದಳು: "ಲೇ ಮುನಿಸ್ವಾಮಿ! ತೂಬಗೆರೆಗೆ ಹೊರೋವು ಹೇರ್ರೋ!"