ಮೇಲಿನ ತುದಿ ಹಿಡಿದವಳು

ಇಪ್ಪತ್ತೊಂದು ವರ್ಷದ ಹುಡುಗಿಯ ಬೆನ್ನಿನೊಳಗೆ ಐವತ್ತು ದಾಟಿದವರ ಡಿಸ್ಕ್‌ಗಳಿವೆ ಎಂದು ಮೂಳೆ ಡಾಕ್ಟರು ಹೇಳಿದಾಗ, ಸ್ಕ್ಯಾನಿಂಗ್ ಫಿಲ್ಮು ಅದಲುಬದಲಾಗಿದೆ ಎಂದೇ ನಾನು ವಾದಕ್ಕಿಳಿದೆ. ಐವತ್ತು ದಾಟಿದವನು ನಾನು. ಮೂವತ್ತು ವರ್ಷದಿಂದ ಜನರ ಮನೆ ಸಾಮಾನು ಹೊತ್ತು ಮಹಡಿ ಹತ್ತಿಸುತ್ತಿರುವವನೂ ನಾನೇ. ನನ್ನ ಬೆನ್ನು ಒಂದು ದಿನವೂ ಕುಂಯ್ ಅಂದಿಲ್ಲ. ಡಾಕ್ಟರು ಫಿಲ್ಮಿನ ಮೂಲೆಯಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟರು. ಮಗಳದೇ ಹೆಸರು.

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯ ಹಾಗೆ ಇರುವುದೇ ಡಿಸ್ಕ್ ಅಂತೆ. ಒಳಗೆ ನೀರಿನಂಶ ಇದ್ದರೆ ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದಂತೆ. ಅವಳ ಸೊಂಟದ ಕಡೆಯ ಕೊನೆಯ ಎರಡು ಕಪ್ಪಗಿದ್ದವು.

ಮನೆಯಲ್ಲಿ ಅವಳನ್ನು ಇರುವೆ ಎಂದೇ ಕರೆಯುವುದು. ತನ್ನ ಎರಡರಷ್ಟಿರುವುದನ್ನೂ ಎಳೆಯಲು ಹೋಗುವ ಜಾತಿ. ಹದಿನೈದಕ್ಕೇ ರಜೆಯಲ್ಲಿ ನನ್ನ ಜೊತೆ ಬರತೊಡಗಿದಳು, ಓದು ಮುಗಿದ ಮೇಲೆ ಪೂರ್ತಿ ಇದಕ್ಕೇ ಇಳಿದಳು. ಮೂರು ತಿಂಗಳ ಹಿಂದಷ್ಟೇ ನಮ್ಮ ಲಾರಿಯ ಪಕ್ಕಕ್ಕೆ ‘ಅಪ್ಪ-ಮಗಳು, ಮನೆ ಸಾಮಾನು ಸಾಗಣೆ’ ಎಂದು ಹೊಸದಾಗಿ ಬರೆಸಿದ್ದೆ. ಬಣ್ಣ ಇನ್ನೂ ಮಾಸಿರಲಿಲ್ಲ. ಅದರಲ್ಲಿ ‘ಮಗಳು’ ಉಳಿಯುತ್ತಾಳೋ ಇಲ್ಲವೋ ಎಂಬುದೇ ಈಗ ನನ್ನನ್ನು ಕೊರೆಯುತ್ತಿತ್ತು.

ಒಬ್ಬೊಬ್ಬರದು ಒಂದೊಂದು ಮಾತು. ಮೂಳೆ ಡಾಕ್ಟರು ಮಲಗಿ ಅಂದರು. ಒಂದು ವಾರ ಮಲಗಿದ್ದಕ್ಕೆ ನೋವು ಇನ್ನೂ ಜಾಸ್ತಿಯಾಯಿತು. ನನ್ನ ಹೆಂಡತಿ ಹಾಸಿಗೆಯ ಮೇಲೆ ತಪ್ಪು ಹೊರಿಸಿ ಹಲಗೆಯ ಮೇಲೆ ಮಲಗಿಸಿದಳು. ನಮ್ಮಕ್ಕ ಫೋನಿನಲ್ಲಿ, ಇದೆಲ್ಲ ನಮ್ಮಮ್ಮನ ಕಡೆಯಿಂದ ಬಂದದ್ದು, ಆ ಕಡೆಯವರದು ಬೆನ್ನೇ ಅಲ್ಲ ಅಂದಳು. ಎದುರುಮನೆ ಟೈಲರ್, ಈಗಿನ ಮಕ್ಕಳು ಬಗ್ಗಿ ಮೊಬೈಲ್ ನೋಡುವುದೇ ಕಾರಣ ಎಂದು ತೀರ್ಪು ಕೊಟ್ಟ. ದಿನವಿಡೀ ಬಗ್ಗಿ ಹೊಲಿಯುವವನು ಅವನೇ! ಆದರೂ ನಾನು ಅವಳ ಮೊಬೈಲ್ ಕಿತ್ತಿಟ್ಟುಕೊಂಡೆ, ಸಂಜೆಗೆ ನಾಚಿಕೆಯಾಗಿ ವಾಪಸ್ ಕೊಟ್ಟೆ. ಎಲ್ಲರ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಯಿತು.

ಆಮೇಲೆ ಫಿಸಿಯೋ ಮೇಡಂ ಹತ್ತಿರ ಹೋದೆವು. ಮೂವತ್ತು ವರ್ಷವೂ ಇರಲಿಕ್ಕಿಲ್ಲ, ಬಾಬ್ ಕಟ್, ಮಾತು ಮೆಲ್ಲಗೆ. ಆಕೆ ಮಲಗಿದ್ದು ಸಾಕು, ನಡೀಲಿ ಅಂದರು. ಡಿಸ್ಕ್‌ಗೆ ರಕ್ತ ನೇರವಾಗಿ ಹೋಗುವುದೇ ಕಡಿಮೆಯಂತೆ. ಸ್ಪಂಜನ್ನು ಒತ್ತಿ ಬಿಟ್ಟ ಹಾಗೆ, ಭಾರ ಬಿದ್ದು ಇಳಿದರೇನೇ ಅದಕ್ಕೆ ಪೋಷಣೆ ಸಿಗುವುದಂತೆ. ಒಬ್ಬರು ಅಲುಗಾಡದೆ ಮಲಗಿ ಅನ್ನುವುದು, ಇನ್ನೊಬ್ಬರು ಭಾರವಿಲ್ಲದೆ ಡಿಸ್ಕ್ ಬದುಕದು ಅನ್ನುವುದು. ನನಗೆ ರೇಗಿತು. ಹಾಗಾದರೆ ಹೊರಬೇಕೋ ಬೇಡವೋ, ಎರಡರಲ್ಲಿ ಒಂದು ಹೇಳಿ ಎಂದು ಕೇಳಿದೆ. ಎಷ್ಟು ಹೊರುತ್ತೀರಿ ಅನ್ನುವಷ್ಟೇ ಹೇಗೆ ಹೊರುತ್ತೀರಿ ಅನ್ನುವುದೂ ಮುಖ್ಯ, ತೋರಿಸಿ ನೋಡೋಣ ಅಂದರು.

ಕೋಣೆಯ ಹೊರಗೆ ಮೆಟ್ಟಿಲಿತ್ತು. ಕಾಯುವವರು ಕೂರುವ ಹಗುರವಾದ ಪ್ಲಾಸ್ಟಿಕ್ ಬೆಂಚೊಂದನ್ನು ತರಿಸಿದರು. ಇದನ್ನೇ ಬೀರು ಅಂದುಕೊಳ್ಳಿ, ಐದು ಮೆಟ್ಟಿಲು ಹತ್ತಿಸಿದರೆ ಸಾಕು ಅಂದರು. ನಾವು ಮಾತಾಡಿಕೊಳ್ಳಬೇಕಾಗಲೇ ಇಲ್ಲ. ನಾನು ಕೆಳಗಿನ ತುದಿಗೆ ಹೋದೆ, ಇರುವೆ ಮೇಲಿನದಕ್ಕೆ.

“ಯಾವಾಗ್ಲೂ ಹೀಗೇನಾ?” ಮೇಡಂ ಕೇಳಿದರು.

ಕೇಳಿದ್ದು ಒಳ್ಳೆಯದೇ ಆಯಿತು ಎಂದು ಎದೆಯುಬ್ಬಿಸಿ ಹೇಳಿದೆ. ಮೆಟ್ಟಿಲಲ್ಲಿ ಭಾರವೆಲ್ಲ ಕೆಳಗಿನವನ ಮೇಲೆ. ಆರು ವರ್ಷದಲ್ಲಿ ಒಂದೇ ಒಂದು ಸಲ ಮಗಳನ್ನು ಕೆಳಗೆ ನಿಲ್ಲಿಸಿಲ್ಲ. ಮೇಲಿನದು ಬರೀ ದಾರಿ ತೋರಿಸುವ ಕೆಲಸ. ಬೇರೆ ಕೆಲಸಗಾರರು ಅದಕ್ಕೆ ನನ್ನನ್ನು ಆಡಿಕೊಳ್ಳುತ್ತಾರೆ, ಮಗಳನ್ನು ಅಂಗೈಲಿಟ್ಟುಕೊಂಡು ಹೊರುತ್ತಾನೆ ಅಂತ.

“ಭಾರದ ಮಾತು ಸರಿ,” ಅಂದರು ಮೇಡಂ. “ಈಗ ಅವಳನ್ನ ನೋಡಿ.”

ನೋಡಿದೆ. ನೋಡಿದ್ದು ಅದೇ ಮೊದಲು ಎಂದು ಆಮೇಲೆ ಹೊಳೆಯಿತು. ಬೀರು, ಫ್ರಿಜ್ಜು, ವಾಷಿಂಗ್ ಮಷೀನು, ಯಾವಾಗಲೂ ನನ್ನ ಮುಖದ ಮುಂದೆ ಒಂದು ಗೋಡೆ ಇರುತ್ತಿತ್ತು. ಆಚೆಯಿಂದ ಅವಳ ದನಿ ಮಾತ್ರ ಬರುತ್ತಿತ್ತು: ಇನ್ನು ಮೂರು ಮೆಟ್ಟಿಲು, ಎಡಕ್ಕೆ, ಸಾಕು. ಈ ಬೆಂಚು ತೆಳ್ಳಗೆ, ಗಿಡ್ಡಗೆ. ಅದರ ಆಚೆ ನನ್ನ ಮಗಳು ಸೊಂಟದಿಂದ ಕೆಳಕ್ಕೆ ಬಾಗಿ, ಕೈ ಮೊಣಕಾಲಿಗಿಂತ ಕೆಳಗಿಟ್ಟು, ಹಿಂದಿನ ಮೆಟ್ಟಿಲು ನೋಡಲು ಮೈಯನ್ನು ಒಂದು ಪಕ್ಕಕ್ಕೆ ತಿರುಚಿಕೊಂಡು ಹಿಮ್ಮುಖವಾಗಿ ಹತ್ತುತ್ತಿದ್ದಳು. ಒದ್ದೆ ಬಟ್ಟೆ ಹಿಂಡಿದ ಹಾಗಿತ್ತು ಆ ಬೆನ್ನು. ನಾನು ನೆಟ್ಟಗೆ ನಿಂತಿದ್ದೆ.

ಬೆಂಚನ್ನು ಮೆಟ್ಟಿಲ ಮೇಲೇ ಇಟ್ಟುಬಿಟ್ಟೆ. ಇದನ್ನು ಮಾಡಿದ್ದು ನಾನೇನಾ ಎಂದು ಮೇಡಂನ ಕೇಳಿದೆ. ಹೌದು ಅಂದಿದ್ದರೂ ಸಹಿಸಿಕೊಳ್ಳುತ್ತಿದ್ದೆ, ಅಲ್ಲ ಅಂದಿದ್ದರೆ ಕೈ ಮುಗಿಯುತ್ತಿದ್ದೆ.

“ಅದೊಂದೇ ಅಂತ ಹೇಳೋಕಾಗಲ್ಲ. ಹುಟ್ಟಿನಿಂದ ಬಂದಿದ್ದೂ ಇರಬಹುದು. ಬೆಳೆಯೋ ವಯಸ್ಸಲ್ಲಿ ಬಗ್ಗಿ, ತಿರುಚಿ, ಭಾರ ಹಿಡಿದದ್ದೂ ಸೇರಿರಬಹುದು. ಯಾವುದರದು ಎಷ್ಟು ಅಂತ ಯಾರೂ ತೂಗಿ ಹೇಳಲ್ಲ.”

ಕಣ್ಣಳತೆಯಲ್ಲೇ ಬೀರುವಿನ ತೂಕ ಹೇಳುವವನು ನಾನು. ಇದನ್ನು ತೂಗಲಾಗದೆ ನಿಂತೆ. ಮೂರು ತಿಂಗಳು ಭಾರ ಬೇಡ, ಹೇಳಿಕೊಟ್ಟ ವ್ಯಾಯಾಮ ಮಾಡಲಿ, ಕೆಲಸ ಬಿಡಲೇಬೇಕು ಅಂತ ಈಗಲೇ ಹೇಳುವುದಿಲ್ಲ ಎಂದು ಆಕೆ ಹೇಳುತ್ತಿದ್ದದ್ದು ಅರ್ಧ ಕಿವಿಗೆ ಬಿತ್ತು. ನೋವು ಯಾವಾಗ ಶುರುವಾಯಿತು ಎಂದು ಇರುವೆಯನ್ನು ಕೇಳಿದೆ. ನನಗೆ ಗೊತ್ತಿದ್ದದ್ದು ಎರಡು ತಿಂಗಳ ಲೆಕ್ಕ. ಎರಡು ವರ್ಷವಾಯಿತು ಅಂದಳು.

“ಎರಡು ವರ್ಷ ಬಾಯಿಗೆ ಏನಾಗಿತ್ತು ನಿಂಗೆ?”

ಅವಳು ಬೆಂಚಿನ ಅಂಚನ್ನು ಉಗುರಲ್ಲಿ ಕೆರೆದಳು. “ಮೇಲಿನದು ಸುಲಭ ಅಂತ ನೀನೇ ಹೇಳ್ತಿದ್ದೆಯಲ್ಲಪ್ಪ. ಸುಲಭದ ಕಡೆ ನಿಂತ್ಕೊಂಡು ನೋಯ್ತಿದೆ ಅಂತ ಹೇಗೆ ಹೇಳಲಿ?”

ಮೇಡಂ ಮುಖ ಆಚೆ ತಿರುಗಿಸಿಕೊಂಡರು.

ಬೆಂಚನ್ನು ವಾಪಸ್ ಇಳಿಸಬೇಕಿತ್ತು. ನಾನು ಅಭ್ಯಾಸಬಲದಿಂದ ಕೆಳಗಿನ ತುದಿಗೆ ಕೈಹಾಕಿದರೆ ಇರುವೆ ತಡೆದಳು. “ನೀನು ಮೇಲೆ ಬಾ,” ಅಂದಳು. ಮೇಡಂ ಕಡೆ ನೋಡಿದೆ, ಹಗುರವೇ ತಾನೆ, ಪರವಾಗಿಲ್ಲ ಅಂದರು. ಹೋದೆ. ಬಗ್ಗಿದೆ, ಇನ್ನಷ್ಟು ಬಗ್ಗಿದೆ. ಕಾಲಿಡುವ ಜಾಗ ಕಾಣದೆ ಮೈ ತಿರುಗಿಸಿದೆ. ಮೂರನೆಯ ಮೆಟ್ಟಿಲಿಗೆ ಸೊಂಟದಲ್ಲಿ ಏನೋ ಚಳಕ್ ಎಂದಿತು. ಅದೂ ಪ್ಲಾಸ್ಟಿಕ್ ಬೆಂಚಿಗೆ. ಅಲ್ಲಿಂದ ಅವಳ ಮುಖ ಪೂರ್ತಿ ಕಾಣುತ್ತಿತ್ತು, ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಹೇಗಿದೆಯಪ್ಪ?”

ಮೂವತ್ತು ವರ್ಷ ಯಾರ ಮುಂದೆಯೂ ಆಡದ ಮಾತು ನನ್ನ ಬಾಯಿಂದ ಬಂತು.

“ನೋಯತ್ತೆ ಕಣೇ,” ಅಂದೆ.

“ಅಲ್ವಾ?” ಅಂದಳು ಇರುವೆ. ತನ್ನ ತುದಿಯನ್ನು ಮೆಟ್ಟಿಲ ಮೇಲಿಟ್ಟು, ಅಲ್ಲೇ ಕುಸಿದು ಕೂತು, ಫಿಲ್ಮು ಬಂದ ದಿನದಿಂದ ಒಂದು ಹನಿ ಕಣ್ಣೀರೂ ಹಾಕದಿದ್ದವಳು ಅಳತೊಡಗಿದಳು.